ವಸತಿ ಶಾಲೆ ನೋಡಲು ಸಂಜೆ ನಾಲ್ಕಕ್ಕೆ ಹೋಗಿ

ಕಲಿಕೆಯಲ್ಲಿ ತೊಡಕಿರುವ, ಒಂದು ಕಡೆ ಗಮನ ನಿಲ್ಲದ ಮಕ್ಕಳ ವಸತಿ ಶಾಲೆಯಲ್ಲಿ ನಾನು ವಾರ್ಡನ್. ಕನಕಪುರ ರಸ್ತೆಯಲ್ಲಿ ಬೆಂಗಳೂರಿನ ಗಲಾಟೆ ತಗ್ಗುವ ಕಡೆ ನಮ್ಮ ಹಾಸ್ಟೆಲ್. ತಂದೆತಾಯಿ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ, ತರಗತಿ, ಕಂಪ್ಯೂಟರ್ ಲ್ಯಾಬ್, ಆಟದ ಮೈದಾನ ನೋಡಿಕೊಂಡು ಊಟದ ಹೊತ್ತಿಗೆ ಹೊರಟುಬಿಡುತ್ತಾರೆ. ನೋಡಬೇಕಾದದ್ದು ಆಮೇಲೆ ಶುರುವಾಗುತ್ತದೆ. ಪಾಠ ಹೇಳಿಕೊಡಲು ಊರೊಳಗೇ ರೆಮಿಡಿಯಲ್ ಸೆಂಟರ್‌ಗಳಿವೆ. ವಸತಿ ಶಾಲೆಗೆ ನೀವು ಕೊಡುವ ದುಡ್ಡು ಸಂಜೆ ನಾಲ್ಕರಿಂದ ಮಗು ಮಲಗುವ ತನಕದ ಹೊತ್ತಿಗೆ.

ಅದಕ್ಕೆ ಮುಂಚೆ ಕಾಗದಪತ್ರ. ನಿಮ್ಹಾನ್ಸ್‌ನಲ್ಲೋ ಅರ್ಹ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರವೋ ಪರೀಕ್ಷೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ (ಓದು-ಬರಹದ ತೊಡಕು) ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ, ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಎರಡೂ ಇದ್ದರೆ ರಿಪೋರ್ಟಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರು ಬೇಕಾದಾಗ ಓಡಾಟ ಕಡಿಮೆಯಾಗುತ್ತದೆ. ಮನೆಮಾತು ಕನ್ನಡವಾದರೆ ಕನ್ನಡವನ್ನೂ ಓದಿಸಿ ನೋಡಲು ಹೇಳಿ. ಒತ್ತಕ್ಷರ ನುಂಗುವುದು, ದೀರ್ಘ ಬಿಡುವುದು, ಬ-ಭ ಅದಲುಬದಲಾಗುವುದು ಇಂಗ್ಲಿಷ್ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಶಾಲೆಯದು ಯಾವ ಬೋರ್ಡ್ ಅಂತಲೂ ಕೇಳಿ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಬೋರ್ಡ್) ಆದರೆ ಸಲಕ್ಕೆ ಒಂದೆರಡೇ ವಿಷಯ ಕಟ್ಟುತ್ತಾ 5 ವರ್ಷದೊಳಗೆ ಎಲ್ಲ ಮುಗಿಸಬಹುದು, ನಮ್ಮ ಎಷ್ಟೋ ಮಕ್ಕಳಿಗೆ ಅದೇ ದಾರಿ.

ಇನ್ನು ಸಂಜೆ. ಮೊದಲು ತಿಂಡಿ ನೋಡಿ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ತೆಗೆದುಕೊಳ್ಳುವ ಎಷ್ಟೋ ಮಕ್ಕಳಿಗೆ ಮಧ್ಯಾಹ್ನ ಹಸಿವೇ ಇರುವುದಿಲ್ಲ, ಅನ್ನ ಹಾಗೇ ತಟ್ಟೆಯಲ್ಲಿ ಉಳಿಯುತ್ತದೆ. ಔಷಧದ ಪ್ರಭಾವ ಇಳಿದ ಮೇಲೆ ಹಸಿವೂ ಸಿಡುಕೂ ಒಟ್ಟಿಗೇ ಬರುತ್ತವೆ. ಆಗ ಎರಡು ಬಿಸ್ಕತ್ತು ಕೊಟ್ಟು ಕಳಿಸುವ ಹಾಸ್ಟೆಲ್‌ಗೆ ಈ ಮಕ್ಕಳು ಅರ್ಥವಾಗಿಲ್ಲ. ಉಪ್ಪಿಟ್ಟೋ ಅವಲಕ್ಕಿಯೋ, ಹೊಟ್ಟೆ ತುಂಬುವಂಥದ್ದು ಇರಬೇಕು. ಮಾತ್ರೆ ಬೀಗದೊಳಗಿದೆಯಾ, ಕೊಟ್ಟವರು ರಿಜಿಸ್ಟರ್‌ನಲ್ಲಿ ಸಹಿ ಹಾಕುತ್ತಾರಾ ಕೇಳಿ. ಮಕ್ಕಳ ಹೆಸರು ಮುಚ್ಚಿ ಇವತ್ತಿನ ಪುಟ ತೋರಿಸಲಿ.

ಆಮೇಲೆ ಮಕ್ಕಳ ಬಟ್ಟೆಯ ಒಂದು ಬೀರು ತೆಗೆಸಿ. ನಮ್ಮಲ್ಲಿ ಬಾಗಿಲ ಒಳಗಡೆ ಒಂದು ಫೋಟೋ ಅಂಟಿಸಿದೆ: ಯಾವ ಖಾನೆಯಲ್ಲಿ ಯೂನಿಫಾರ್ಮ್, ಎಲ್ಲಿ ಸಾಕ್ಸ್, ಎಲ್ಲಿ ಟವೆಲ್. "ನೀಟಾಗಿ ಜೋಡಿಸು" ಅಂದರೆ ಕೈಕಟ್ಟಿ ನಿಲ್ಲುವ ಹುಡುಗ, ಫೋಟೋ ನೋಡಿಕೊಂಡು ತಾನೇ ಜೋಡಿಸುತ್ತಾನೆ.

ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡವರ ಮಾತು ಕೇಳಿಸಿಕೊಳ್ಳಿ. "ಸ್ನಾನ ಮಾಡಿ, ಬಟ್ಟೆ ನೆನೆಹಾಕಿ, ಡೈರಿ ತಗೊಂಡು ಬಾ" ಅಂತ ಒಂದೇ ಉಸಿರಿಗೆ ಹೇಳಿದರೆ, ಹುಡುಗ ಟವೆಲ್ ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲೇ ನಿಂತುಬಿಡುತ್ತಾನೆ. ಅವನು ಹಟ ಮಾಡುತ್ತಿಲ್ಲ, ಮೊದಲನೆಯದು ಬಿಟ್ಟು ಉಳಿದದ್ದು ಅವನ ತಲೆಯಲ್ಲಿ ಉಳಿದಿಲ್ಲ. ತಿಳಿದವರು ಹತ್ತಿರ ಹೋಗಿ "ಮೊದಲು ಸ್ನಾನ ಕಣೋ, ಆದ್ಮೇಲೆ ನನ್ ಹತ್ರ ಬಾ" ಅನ್ನುತ್ತಾರೆ. ಸಂಜೆಯ ಓದಿನ ಹೊತ್ತಿನಲ್ಲೂ ಅಷ್ಟೇ: ಸ್ವಲ್ಪ ಓದು, ಎದ್ದು ನೀರು ಕುಡಿ, ಮತ್ತೆ ಕೂರು. ಎರಡು ಗಂಟೆ ಅಲುಗಾಡದೆ ಕೂರಿಸುವುದನ್ನೇ ಶಿಸ್ತು ಅನ್ನುವ ಕಡೆ ಬಿಡಬೇಡಿ. ಯಾರ ಬಾಯಲ್ಲಾದರೂ "ಸೋಮಾರಿ", "ದಡ್ಡ" ಅನ್ನುವ ಮಾತು ಬಂದರೆ ನಿಮ್ಮ ಮಗುವನ್ನು ಕರೆದುಕೊಂಡು ಹೊರಟುಬಿಡಿ.

ರಾತ್ರಿ ಮಕ್ಕಳ ಮಹಡಿಯಲ್ಲಿ ಯಾರು ಮಲಗುತ್ತಾರೆ, ಎಷ್ಟು ಮಕ್ಕಳಿಗೆ ಒಬ್ಬರು, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ದೂರು ಬಂದರೆ ಏನು ಮಾಡುತ್ತಾರೆ, ಇವನ್ನು ಸಂಕೋಚವಿಲ್ಲದೆ ಕೇಳಿ. 1098 ಮಕ್ಕಳ ಸಹಾಯವಾಣಿ ಸಂಖ್ಯೆ ಆಫೀಸಿನ ಗೋಡೆಯ ಮೇಲಿದ್ದರೆ ಸಾಲದು, ಮಕ್ಕಳ ಕಣ್ಣಿಗೆ ಬೀಳುವ ಕಡೆ ಇರಬೇಕು.

ತೀರಾ ಚಿಕ್ಕ ಮಕ್ಕಳಿಗೆ ಮೊದಲು ಮನೆಯಿಂದಲೇ ವಿಶೇಷ ಪಾಠ ಕೊಡಿಸಿ ನೋಡಿ ಅನ್ನುತ್ತೇನೆ ನಾನು. ಕಳಿಸುವುದೇ ಆದರೆ "ನೀನು ಓದಲಿಲ್ಲ, ಅದಕ್ಕೇ ಹಾಸ್ಟೆಲ್" ಅಂತ ಮಾತ್ರ ಹೇಳಬೇಡಿ. ಶಿಕ್ಷೆ ಅಂದುಕೊಂಡು ಬಂದ ಮಗುವನ್ನು ಮಾತಾಡಿಸುವುದೇ ಕಷ್ಟ. ಒಂದೆರಡು ದಿನ ಇದ್ದು ನೋಡಲು ಬಿಡುತ್ತಾರಾ ವಿಚಾರಿಸಿ.

ಸೇರಿಸುವ ದಿನ ಒಂದು ಹಾಳೆ ಬರೆದು ತನ್ನಿ. ಎಬ್ಬಿಸುವುದು ಹೇಗೆ, ಯಾವ ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನೆ, ಸಿಟ್ಟು ಬಂದಾಗ ಒಬ್ಬನೇ ಇರಬೇಕಾ ಪಕ್ಕದಲ್ಲಿ ಯಾರಾದರೂ ಬೇಕಾ, ಯಾವುದರಲ್ಲಿ ಗಂಟೆಗಟ್ಟಲೆ ಮುಳುಗುತ್ತಾನೆ. ಆಫೀಸಿಗೆ ಕೊಟ್ಟರೆ ಅದು ಫೈಲ್ ಸೇರುತ್ತದೆ. ವಾರ್ಡನ್ ಕೈಗೇ ಕೊಟ್ಟು, ಅವರು ಓದಿ ಮುಗಿಸುವ ತನಕ ಎದುರಿಗೆ ಕೂತಿರಿ.