ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣದ ಸಾಮಾನು ಜೋಡಿಸುವ ಕ್ರಮ

ಡಬ್ಬಗಳನ್ನು ಕಂಪನಿವಾರು ನಿಲ್ಲಿಸಿದರೆ ಅಂಗಡಿ ಚೆಂದ ಕಾಣುತ್ತದೆ. ಆದರೆ ಪುಟ್ಟಿ (ಗೋಡೆ ಸಮ ಮಾಡುವ ಪುಡಿ) ಒಯ್ದ ಗಿರಾಕಿ ಉಪ್ಪುಕಾಗದ ಮರೆತು, ಮಾರನೇ ದಿನ ಅದನ್ನು ಬೇರೆ ಕಡೆ ಕೊಳ್ಳುತ್ತಾನೆ. ಪೇಂಟರ್ ಕೆಲಸ ಸಾಗುವ ಕ್ರಮದಲ್ಲೇ ರ‍್ಯಾಕ್ ಜೋಡಿಸಿ: ಕೆರೆಯುವುದು, ಪುಟ್ಟಿ, ಉಜ್ಜುವುದು, ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಪದರ), ಬಣ್ಣ.

ಮೊದಲು ರ‍್ಯಾಕನ್ನು ಎರಡು ಭಾಗ ಮಾಡಿ. ಒಂದರಲ್ಲಿ ಗೋಡೆಯ ಸಾಮಾನು: ವಾಲ್ ಪ್ರೈಮರ್, ಎಮಲ್ಷನ್ (ನೀರು ಬೆರೆಸುವ ಗೋಡೆ ಬಣ್ಣ), 9 ಇಂಚಿನ ರೋಲರ್, 4–5 ಇಂಚಿನ ಬ್ರಷ್. ಇನ್ನೊಂದರಲ್ಲಿ ಮರ–ಕಬ್ಬಿಣದ್ದು: ವುಡ್ ಪ್ರೈಮರ್, ರೆಡ್ ಆಕ್ಸೈಡ್ (ಕಬ್ಬಿಣದ ಪ್ರೈಮರ್), ಎನಾಮಲ್ (ಎಣ್ಣೆ ಬಣ್ಣ), 1–3 ಇಂಚಿನ ಬ್ರಷ್. ಇವೆರಡು ಬೆರೆತರೆ ಯಾರೋ ಒಬ್ಬರು ನೀರಿನ ವಾಲ್ ಪ್ರೈಮರ್ ಒಯ್ದು ಗೇಟಿಗೆ ಹಚ್ಚುತ್ತಾರೆ, ಒಳಗಿನಿಂದ ತುಕ್ಕು ಏಳುತ್ತದೆ. ಎನ್‌ಸಿ ಥಿನ್ನರನ್ನು (ಲ್ಯಾಕರ್ ತೆಳು ಮಾಡುವ ದ್ರವ) ಟರ್ಪೆಂಟೈನ್ (ಎನಾಮಲ್ ತೆಳು ಮಾಡುವ ದ್ರವ) ಪಕ್ಕ ಇಡಲೇಬೇಡಿ. ಎನಾಮಲ್‌ಗೆ ಟರ್ಪೆಂಟೈನ್ ಬದಲು ಆ ಥಿನ್ನರ್ ಬೆರೆಸಿ ಬಳಿದರೆ ಕೆಳಗಿನ ಹಳೆಯ ಬಣ್ಣ ಸುಕ್ಕುಗಟ್ಟಿ ಎದ್ದುಬರುತ್ತದೆ.

20 ಲೀಟರ್ ಬಕೆಟ್ಟು 25 ಕಿಲೋ ಮೀರುತ್ತದೆ, ನೆಲದಲ್ಲೇ ಇರಲಿ. 1 ಮತ್ತು 4 ಲೀಟರ್ ಡಬ್ಬಗಳು ಕಣ್ಣಿನ ಮಟ್ಟದಲ್ಲಿರಲಿ. ಟಿಂಟಿಂಗ್ (ಬಣ್ಣ ಬೆರೆಸುವ) ಯಂತ್ರವಿದ್ದರೆ ಬೇಸ್ ಡಬ್ಬಗಳಿಗೆ (ಇನ್ನೂ ಛಾಯೆ ಬೆರೆಸದ ಮೂಲ ಬಣ್ಣ) ಪ್ರತ್ಯೇಕ ಸಾಲು ಬೇಕು, ಮುಂದೆ ದೊಡ್ಡ ಅಕ್ಷರದ ಚೀಟಿಯೂ ಬೇಕು. ಗಡಿಬಿಡಿಯಲ್ಲಿ, ಗಾಢ ಬಣ್ಣಕ್ಕೆಂದು ಬಿಳಿ ಪುಡಿ ಕಮ್ಮಿ ಹಾಕಿರುವ ಡೀಪ್ ಬೇಸನ್ನು ಬಿಳಿ ಬಣ್ಣವೆಂದು ಕೊಟ್ಟರೆ ಎಷ್ಟು ಕೋಟ್ ಹೊಡೆದರೂ ಗೋಡೆ ಮುಚ್ಚುವುದಿಲ್ಲ. ಬೆರೆಸಿದ ಬಣ್ಣವನ್ನು ವಾಪಸು ತೆಗೆದುಕೊಳ್ಳಲಾಗದು. ಅದಕ್ಕೇ ಶೇಡ್ ಕಾರ್ಡನ್ನು ಟ್ಯೂಬ್‌ಲೈಟ್ ಕೆಳಗಲ್ಲ, ಬಾಗಿಲ ಬೆಳಕಿಗೆ ತಂದು ತೋರಿಸಿ, ಒಪ್ಪಿಸಿಕೊಂಡು ಆಮೇಲೆ ಬೆರೆಸಿ. ಮುಚ್ಚಳದ ಮೇಲೆ ಒಂದು ತೊಟ್ಟು ಬಣ್ಣ ಹಚ್ಚಿ, ಶೇಡ್ ಕೋಡ್, ಬೇಸ್, ತಾರೀಖು ಬರೆಯಿರಿ. ಒಂದು ಲೀಟರ್ ಕಮ್ಮಿ ಬಿತ್ತೆಂದು ಮತ್ತೆ ಬಂದಾಗ ಆ ಬರಹವೇ ಕೆಲಸಕ್ಕೆ ಬರುವುದು.

ಪುಟ್ಟಿ ಚೀಲಕ್ಕೆ ತೇವವೇ ಶತ್ರು. ಮರದ ಹಲಗೆ ಹಾಕಿ ನೆಲದಿಂದ 4 ಇಂಚು ಮೇಲೆ, ಗೋಡೆಯಿಂದ ಅಡಿಯಷ್ಟು ದೂರ ಪೇರಿಸಿ; ಹಳೆಯ ತಾರೀಖಿನದು ಮೇಲಿರಲಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹೆಚ್ಚು ದಾಸ್ತಾನು ಬೇಡ, ಚೀಲದೊಳಗೇ ಗಂಟುಕಟ್ಟುತ್ತದೆ. ಪುಟ್ಟಿಯ ಪಕ್ಕದಲ್ಲೇ ಅದನ್ನು ಬಳಿಯುವ ಬ್ಲೇಡ್ ನೇತುಹಾಕಿ, ಉಪ್ಪುಕಾಗದವನ್ನು ನಂಬರುವಾರು ಟ್ರೇಯಲ್ಲಿ ಮಲಗಿಸಿಡಿ: ಹಳೆ ಬಣ್ಣ ಕೆರೆಯಲು 80, ಪುಟ್ಟಿಗೆ 120–180, ಮರದ ನುಣುಪಿಗೆ 220–320. ಸುರುಳಿ ಮಾಡಿಟ್ಟರೆ ಹರಳು ಉದುರುತ್ತದೆ. ಬ್ರಷ್ಷುಗಳನ್ನು ಕೂದಲು ಕೆಳಗಾಗಿ ಕೊಕ್ಕೆಗೆ ಹಾಕಿ, ಕೂದಲ ಮೇಲೆ ನಿಲ್ಲಿಸಿದರೆ ಸೊಟ್ಟಗಾಗುತ್ತದೆ. ಮಾಸ್ಕಿಂಗ್ ಟೇಪು, ಕಾಟನ್ ವೇಸ್ಟು, ಮಾಸ್ಕು, ಸಣ್ಣ ಸ್ಟೇನರ್ (ಬಣ್ಣಕ್ಕೆ ಛಾಯೆ ಕೊಡುವ ದ್ರವ) ಬಾಟಲಿ ಗಲ್ಲಾದ ಹತ್ತಿರವೇ ಇರಲಿ.

ರೆಡ್ ಆಕ್ಸೈಡ್, ಎನಾಮಲ್ ಡಬ್ಬಗಳಲ್ಲಿ ಪುಡಿ ತಳಕ್ಕೆ ಕೂರುತ್ತದೆ. ಸೀಲ್ ಒಡೆಯದ ಡಬ್ಬಗಳನ್ನು ತಿಂಗಳಿಗೊಮ್ಮೆ ತಲೆಕೆಳಗು ಮಾಡಿ.

ಟರ್ಪೆಂಟೈನ್, ಥಿನ್ನರ್ ಬೇಗ ಹೊತ್ತಿಕೊಳ್ಳುವ ಸರಕು. ಗಾಳಿಯಾಡುವ ಕಡೆ, ಕೆಳಗಿನ ತಟ್ಟಿನಲ್ಲಿ, ಒಂದರ ಪಕ್ಕ ಒಂದು ಬಾರದಂತೆ, ಸ್ವಿಚ್ ಬೋರ್ಡಿನಿಂದಲೂ ದೇವರ ದೀಪ–ಊದುಬತ್ತಿಯಿಂದಲೂ ದೂರ ಇಡಿ. ಒಣ ಮರಳಿನ ಬಕೆಟ್ ಮತ್ತು ಅಗ್ನಿಶಾಮಕ ಸಿಲಿಂಡರ್ ಥಟ್ಟನೆ ಕೈಗೆ ಸಿಗುವಂತಿರಬೇಕು.