ಬ್ಯಾಂಕು ಬೇಡ ಅಂದಾಗ: ಕೋಲಾರದ ಕಡೆಯಿಂದ ಇಂಗ್ಲೆಂಡಿಗೆ ಬಂದವರಿಗೆ

ಮನೆ ಸಾಲ ಕೊಡೋಲ್ಲ ಅಂತ ಬ್ಯಾಂಕಿನವರು ಹೇಳಿದ ದಿನವೇ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆಯವರ ಕೈ ಮೊದಲು ಹೋಗುವುದೇ ಅಲ್ಲಿಗೆ. ಕೋಲಾರದಲ್ಲಿ ಒಬ್ಬ ಅಂಗಡಿಯವನು ಉದ್ದರಿ ಕೊಡಲಿಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತೇವೆ. ಇವನು ಬೇಡ ಅಂದದ್ದು ಅವನಿಗೆ ಗೊತ್ತಿರೋಲ್ಲ. ಇಲ್ಲಿ ಹಾಗಲ್ಲ. ಪೂರ್ತಿ ಅರ್ಜಿ ಹಾಕಿದರೆ ಬ್ಯಾಂಕು ನಿಮ್ಮ ಸಾಲದ ದಾಖಲೆ ತೆಗೆದು ನೋಡುತ್ತದೆ. ನೋಡಿದ ಗುರುತು ಸುಮಾರು ಒಂದು ವರ್ಷ ಉಳಿಯುತ್ತದೆ. ಇದಕ್ಕೆ ಹಾರ್ಡ್ ಸರ್ಚ್ ಅಂತಾರೆ. ಬೇಡ ಅಂದ ವಿಷಯ ಅದರಲ್ಲಿ ಬರೆದಿರೋಲ್ಲ, ನಿಜ. ಆದರೆ ಒಂದೇ ತಿಂಗಳಲ್ಲಿ ಸಾಲುಸಾಲಾಗಿ ಬ್ಯಾಂಕುಗಳು ಇಣುಕಿ ಹೋಗಿವೆ, ಯಾರೂ ಸಾಲ ಕೊಟ್ಟಿಲ್ಲ ಅಂದರೆ ಮುಂದಿನವರಿಗೆ ಅರ್ಥ ಆಗದೇ ಇರುತ್ತಾ? ಸಾಲ ಹುಡುಕಿಕೊಡುವ ಬ್ರೋಕರ್‌ಗೆ ಹೇಳಿ ಸಾಫ್ಟ್ ಸರ್ಚ್ ಮಾಡಿಸಿ, ಅಂದರೆ ಪೂರ್ತಿ ಅರ್ಜಿ ಹಾಕದೆ ಮೇಲುಮೇಲೆ ನೋಡುವುದು. ಅದು ಬೇರೆ ಬ್ಯಾಂಕುಗಳಿಗೆ ಕಾಣಿಸೋಲ್ಲ.

ಇನ್ನೊಂದು, ಡಿಸಿಷನ್ ಇನ್ ಪ್ರಿನ್ಸಿಪಲ್ ಅನ್ನೋ ಕಾಗದ ನಂಬಿ ಸಿಹಿ ಹಂಚಬೇಡಿ. ನೀವು ಹೇಳಿದ್ದೆಲ್ಲ ನಿಜವಾದರೆ ಇಷ್ಟು ಕೊಡಬಹುದು ಅಂತ ಅದರ ಅರ್ಥ. ನಿಜವೋ ಅಲ್ಲವೋ ಅಂತ ನೋಡುವುದು ಆಮೇಲೆ. ನಾವು ಹಂಚಿದೆವು. ಆಮೇಲೆ ಊರಿಂದ ಫೋನ್ ಬಂದಾಗಲೆಲ್ಲ ಮಾತು ಬೇರೆ ಕಡೆ ತಿರುಗಿಸಬೇಕಾಯಿತು.

ಬೇಡ ಅಂದದ್ದು ನಿಮ್ಮನ್ನೋ ಮನೆಯನ್ನೋ ಅಂತ ಕೇಳಿ. ಅಂಗಡಿ ಮೇಲಿನ ಫ್ಲ್ಯಾಟು, ಲೀಸು (ಇಲ್ಲಿ ಫ್ಲ್ಯಾಟು ಕೊಂಡರೂ ಸಾಮಾನ್ಯವಾಗಿ ಇಷ್ಟು ವರ್ಷಕ್ಕೆ ಅಂತಲೇ ಕೊಳ್ಳುವುದು) 80 ವರ್ಷಕ್ಕಿಂತ ಕಡಿಮೆ ಉಳಿದಿರುವ ಫ್ಲ್ಯಾಟು, 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ ಹೊರಗೋಡೆಯ ಹೊದಿಕೆ ಬಗ್ಗೆ ಸರಿಯಾದ ಸರ್ಟಿಫಿಕೇಟ್ ಇಲ್ಲದ ಎತ್ತರದ ಕಟ್ಟಡ, ಇವುಗಳಿಗೆ ಸಾಲ ಕೊಡಲು ಎಷ್ಟೋ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಹಾಗಿದ್ದರೆ ತಪ್ಪು ನಿಮ್ಮದಲ್ಲ. ಬೇರೆ ಮನೆ ನೋಡಿ.

ನಿಮ್ಮನ್ನೇ ಬೇಡ ಅಂದಿದ್ದರೆ, ಸಾಲದ ದಾಖಲೆ ಇಡುವ ಯಾವ ಏಜೆನ್ಸಿಯ ವರದಿ ನೋಡಿದರು ಅಂತ ಕೇಳಿ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅಂತ ಮೂರಿವೆ. ಮೂರರ ವರದಿಯನ್ನೂ ಪುಕ್ಕಟೆ ತರಿಸಿಕೊಳ್ಳಬಹುದು. ಊರಿನ ಸಿಬಿಲ್ ಸ್ಕೋರ್ ಇಲ್ಲಿಗೆ ಬರೋಲ್ಲ. ಸಿಬಿಲ್ ನಡೆಸುವ ಕಂಪನಿಯ ಹೆಸರಲ್ಲೂ ಟ್ರಾನ್ಸ್‌ಯೂನಿಯನ್ ಇದೆ, ಆದರೂ ಬರೋಲ್ಲ.

ನನಗೆ ಸಿಟ್ಟು ಬಂದದ್ದು ಇಲ್ಲೇ. ಇಬ್ಬರಿಗೂ ಒಳ್ಳೆ ಸಂಬಳ. ಒಂದು ಪೈಸೆ ಸಾಲ ಇಲ್ಲ. ಬಾಡಿಗೆ ಒಂದು ದಿನ ತಡ ಮಾಡಿಲ್ಲ. ಇನ್ನೇನು ಬೇಕಂತೆ ಇವರಿಗೆ ಅಂತ ಬ್ರೋಕರ್ ಹತ್ತಿರ ಜಗಳಕ್ಕೇ ನಿಂತೆ. ಆಕೆ ಸುಮ್ನೆ ನನ್ನ ವರದಿಯನ್ನು ಪರದೆ ಮೇಲೆ ತೆಗೆದು ತೋರಿಸಿದರು. ಒಂದು ಬ್ಯಾಂಕ್ ಖಾತೆ, ಒಂದು ಫೋನ್ ಕಾಂಟ್ರಾಕ್ಟ್. ಅಷ್ಟೇ. ಸಾಲ ಮಾಡದವರ ಬಾಗಿಲಿಗೆ ಯಾರೂ ಬಂದು ನಿಲ್ಲೋಲ್ಲ ಅಂತ ಹೇಳಿ ಬೆಳೆಸಿದ ಮನೆ ನಮ್ಮದು. ಆ ಮರ್ಯಾದೆಯೇ ಇಲ್ಲಿ ಖಾಲಿ ಹಾಳೆಯಾಗಿ ಕೂತಿತ್ತು. ಸಾಲ ತೊಗೊಂಡು ತೀರಿಸಿದ್ದು ಕಾಣದೆ ಈ ಜನ ನಂಬೋಲ್ಲ. ಬಂದ ಹೊಸದರಲ್ಲೇ ಸಣ್ಣ ಲಿಮಿಟ್‌ನ ಒಂದು ಕ್ರೆಡಿಟ್ ಕಾರ್ಡ್ ಮಾಡಿಸಿ. ತರಕಾರಿ, ಹಾಲು ಅದರಲ್ಲಿ ತನ್ನಿ. ತಿಂಗಳಾ ತಿಂಗಳಾ ಪೂರ್ತಿ ದುಡ್ಡು ತಾನಾಗೇ ಕಟ್ ಆಗುವ ಹಾಗೆ ಡೈರೆಕ್ಟ್ ಡೆಬಿಟ್ ಹಾಕಿ. ಬಡ್ಡಿ ಒಂದು ಪೆನ್ನಿಯೂ ಕೊಡಬೇಕಾಗಿಲ್ಲ.

ಮತದಾರರ ಪಟ್ಟಿಗೂ ಸೇರಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ವೋಟು ಹಾಕಬಹುದು ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಾವು ಕಾಮನ್‌ವೆಲ್ತ್ ದೇಶದವರು, ವಾಸದ ವೀಸಾ ಇದ್ದರೆ ಸಾಕು, ಪಾರ್ಲಿಮೆಂಟ್ ಚುನಾವಣೆಗೂ ವೋಟು ಇದೆ. ನಿಮ್ಮ ಹೆಸರು, ವಿಳಾಸ ನಿಜ ಅಂತ ಸಾಲ ಕೊಡುವವರು ನೋಡುವುದು ಈ ಪಟ್ಟಿಯಲ್ಲಿ.

ಹೆಸರು ಅಂದೆನಲ್ಲ, ಅಲ್ಲೇ ನಮ್ಮವರು ಎಡವುವುದು. ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್. ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ಪೂರ್ತಿ ಹೋಗಿತ್ತು. ಬ್ಯಾಂಕಿನಲ್ಲಿ ಊರಿನ ಹೆಸರು ಸರ್‌ನೇಮ್ ಆಗಿತ್ತು. ಆಫೀಸಿನ ಪೇಸ್ಲಿಪ್‌ನಲ್ಲಿ ನನ್ನ ಹೆಸರೇ ಸರ್‌ನೇಮ್. ಅವರ ಲೆಕ್ಕದಲ್ಲಿ ನಾನು ಮೂರು ಜನ, ಒಬ್ಬರಿಗೂ ಪೂರ್ತಿ ದಾಖಲೆ ಇಲ್ಲ. ಬಂದ ವಾರವೇ ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಸಿ. ಸ್ಪೆಲ್ಲಿಂಗ್ ಕೂಡ. ಮಗಳು ಹುಟ್ಟಿದಾಗ ಈ ಗೋಳು ಅವಳಿಗೆ ಬೇಡ ಅಂತ ನೀಟಾಗಿ ಒಂದು ಸರ್‌ನೇಮ್ ಕೊಟ್ಟೆವು. ಅವಳಿಗೆ ಯಾವ ಫಾರಂನಲ್ಲೂ ತೊಂದರೆ ಆಗಿಲ್ಲ. ಆದರೆ ನಾಲ್ಕು ತಲೆಮಾರಿಂದ ಹೆಸರಿನ ಮುಂದೆ ಇದ್ದ ಊರು ಅವಳ ಹೆಸರಲ್ಲಿಲ್ಲ. ಅಜ್ಜಿ ಮಾತ್ರ ಈಗಲೂ ಮೊಮ್ಮಗಳಿಗೆ ಬರೆಯುವ ಕವರಿನ ಮೇಲೆ ಇನಿಷಿಯಲ್ ಹಾಕುತ್ತಾರೆ.

ಬ್ಯಾಂಕ್ ಸ್ಟೇಟ್‌ಮೆಂಟಿನ ವಿಷಯ. 2014ರಿಂದ ಇಲ್ಲಿ ನಿಯಮ ಬಿಗಿಯಾಗಿದೆ, ಸಂಬಳದ ಜೊತೆ ಖರ್ಚನ್ನೂ ನೋಡುತ್ತಾರೆ. ಸಾಮಾನ್ಯವಾಗಿ ವರ್ಷದ ಸಂಬಳದ ನಾಲ್ಕು, ನಾಲ್ಕೂವರೆ ಪಟ್ಟು ಸಾಲ ಸಿಗುತ್ತದೆ. ಆದರೆ ನರ್ಸರಿ ಫೀಸು ಅದರಲ್ಲಿ ದೊಡ್ಡ ತುಂಡು ಕಚ್ಚಿಬಿಡುತ್ತದೆ. ತಿಂಗಳಾ ತಿಂಗಳಾ ಊರಿಗೆ ಕಳಿಸುವ ದುಡ್ಡನ್ನೂ ಖರ್ಚು ಅಂತಲೇ ಹಿಡಿಯುತ್ತಾರೆ. ಅಮ್ಮನ ಔಷಧಿಗೆ ಕಳಿಸುವುದು ಖರ್ಚಾ ಅಂತ ಕೇಳಬೇಡಿ, ಅವರಿಗೆ ಅದೂ ಒಂದೇ, ಕಾರಿನ ಕಂತೂ ಒಂದೇ. ಇನ್ನು ಚೀಟಿ! ನಾವು ಹತ್ತು ಮನೆಯವರು ಸೇರಿ ಇಲ್ಲೂ ಚೀಟಿ ಹಾಕಿದ್ದೆವು, ಊರಿನ ಅಭ್ಯಾಸ ಎಲ್ಲಿ ಹೋಗುತ್ತೆ. ಅರ್ಜಿ ಹಾಕುವ ಮುಂಚಿನ ತಿಂಗಳೇ ನಮಗೆ ಚೀಟಿ ಎದ್ದಿತು. ಖಾತೆಗೆ ಒಂದೇ ಸಲ ದೊಡ್ಡ ಮೊತ್ತ ಬಂತು. ಆಮೇಲೆ ತಿಂಗಳಿಗೊಮ್ಮೆ ಒಬ್ಬರಿಗೇ ದುಡ್ಡು ಹೋಗುತ್ತಿದೆ. ನೋಡಿದವರು ಏನಂದುಕೊಳ್ಳಬೇಕು? ಬಚ್ಚಿಟ್ಟ ಸಾಲ ಅಂದುಕೊಂಡರು. ಅರ್ಜಿಗೆ ಆರು ತಿಂಗಳು ಮುಂಚೆಯೇ ಚೀಟಿ ಮುಗಿಸಿಬಿಡಿ.

ಈಗ ಊರಿಂದ ಬರುವ ದುಡ್ಡು. ವೀಸಾದಲ್ಲಿ ಇರುವವರಿಗೆ ಕೆಲವು ಬ್ಯಾಂಕುಗಳು ಜಾಸ್ತಿ ಡೆಪಾಸಿಟ್ (ಮನೆ ಬೆಲೆಯಲ್ಲಿ ನಾವು ಕೈಯಿಂದ ಹಾಕುವ ಪಾಲು) ಕೇಳುತ್ತವೆ, ಕೆಲವು ಕಾಯಂ ವಾಸದ ಅನುಮತಿ ಬರಲಿ ಅನ್ನುತ್ತವೆ. ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಹಾಗಾಗಿ ಅಪ್ಪ ಅಮ್ಮನ ಕಡೆ ನೋಡುವುದು ಸಹಜ. ದುಡ್ಡು ತರಿಸುವುದು ಕಷ್ಟ ಅಲ್ಲ. ಅದು ಎಲ್ಲಿಂದ ಬಂತು ಅಂತ ತೋರಿಸುವುದು ಕಷ್ಟ.

ಅಪ್ಪ ಟೊಮೆಟೊ ಬೆಳೆಯುತ್ತಾರೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತಲ್ಲ, ಆ ಸಲ ದೇವರು ದೊಡ್ಡವನು, ನಮ್ಮ ತೋಟದಲ್ಲಿ ಬೆಳೆ ನಿಂತಿತ್ತು. ರಸ್ತೆಗೆ ಸುರಿದು ಬಂದ ವರ್ಷಗಳನ್ನೆಲ್ಲ ಅದು ಮರೆಸಿತು. ಆ ದುಡ್ಡಿನಲ್ಲೇ ಒಂದು ಪಾಲು ನನಗೆ ಕೊಟ್ಟರು. ಸೊಲಿಸಿಟರ್, ಅಂದರೆ ಮನೆ ಕೊಳ್ಳುವ ಕಾಗದಪತ್ರ ನೋಡುವ ವಕೀಲರು, ಕೇಳಿದ್ದು, ನಿಮ್ಮ ತಂದೆಯ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೊಡಿ. ಬೇಸಾಯದ ಆದಾಯಕ್ಕೆ ನಮ್ಮಲ್ಲಿ ಟ್ಯಾಕ್ಸ್ ಇಲ್ಲ, ಅಪ್ಪ ರಿಟರ್ನ್ ಹಾಕಿದವರಲ್ಲ ಅಂತ ಬರೆದೆ. ಇಷ್ಟು ದುಡ್ಡಿಗೆ ಟ್ಯಾಕ್ಸ್ ಇಲ್ಲವೇ ಅಂತ ವಾಪಸ್ ಬಂತು. ಪಹಣಿ ತರಿಸಿದೆ. ಅದರ ಬೆಳೆ ಕಾಲಂನಲ್ಲಿ ರಾಗಿ ಅಂತಿತ್ತು! ಕೊನೆಗೆ ಕೈ ಹಿಡಿದದ್ದು ಮಂಡಿ ಬಿಲ್ಲುಗಳು. ಅಪ್ಪ ಅವನ್ನು ತಂತಿಗೆ ಚುಚ್ಚಿ ಅಟ್ಟದ ಮೇಲೆ ತೂಗುಹಾಕಿದ್ದರು. ಬಾಕ್ಸು ಎಷ್ಟು, ರೇಟು ಎಷ್ಟು, ಕಮಿಷನ್ ಎಷ್ಟು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಎಲ್ಲ ಮಂಡಿ ರೈಟರ್ ಕೈಬರಹದಲ್ಲಿ. ಅಪ್ಪನ ಹೆಸರು ಅರ್ಧ ಇತ್ತು, ಹಳ್ಳಿ ಹೆಸರು ಪೂರ್ತಿ ಇತ್ತು. ತಮ್ಮ ಒಂದೊಂದನ್ನೇ ಬಿಚ್ಚಿ, ಸುಕ್ಕು ನೀವಿ, ಫೋಟೋ ತೆಗೆದು ಕಳಿಸಿದ. ಇಂಗ್ಲಿಷಿಗೆ ಅನುವಾದ ಮಾಡಿಸಿ, ಬ್ಯಾಂಕ್ ಪಾಸ್‌ಬುಕ್ಕಿನ ಜಮೆ ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಒಪ್ಪಿದರು. ಅಷ್ಟರಲ್ಲಿ ಮೊದಲು ನೋಡಿದ್ದ ಮನೆ ಬೇರೆಯವರ ಪಾಲಾಗಿತ್ತು.

ಸೈಟು ಮಾರಿದ ದುಡ್ಡಾದರೆ ಇನ್ನೂ ಬಿಕ್ಕಟ್ಟು. ಕ್ರಯಪತ್ರದಲ್ಲಿ ಬರೆಸಿದ್ದು ಒಂದು, ಕೈಗೆ ಬಂದದ್ದು ಇನ್ನೊಂದು, ಇದು ಯಾರಿಗೂ ಹೊಸದಲ್ಲ ಅಲ್ವಾ. ಇಲ್ಲಿ ಕ್ರಯಪತ್ರದಲ್ಲಿ ಇದ್ದಷ್ಟೇ ದುಡ್ಡು. ಮಿಕ್ಕಿದ್ದನ್ನು ಹೀಗೆ ದಾಟಿಸೋಣ ಹಾಗೆ ದಾಟಿಸೋಣ ಅಂತ ಯಾರಾದರೂ ಉಪಾಯ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಊರಲ್ಲಿರುವವರು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಬ್ಯಾಂಕಿನ ಮೂಲಕವೇ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕಿನವರು ಟಿಸಿಎಸ್ ಅಂತ ಮುಂಗಡ ಟ್ಯಾಕ್ಸ್ ಹಿಡಿಯುತ್ತಾರೆ. ಅದನ್ನು ವಾಪಸ್ ಪಡೆಯಲು ರಿಟರ್ನ್ ಹಾಕಬೇಕು. ಹಾಗೆ ನಮ್ಮಪ್ಪ ಮೊದಲ ಸಲ ರಿಟರ್ನ್ ಹಾಕಿದರು.

ಇದರ ಜೊತೆಗೆ ಅಪ್ಪ ಒಂದು ಪತ್ರಕ್ಕೆ ಸಹಿ ಹಾಕಬೇಕು. ಈ ಹಣ ಉಡುಗೊರೆ, ವಾಪಸ್ ಕೇಳುವುದಿಲ್ಲ, ಈ ಮನೆಯಲ್ಲಿ ನನಗೆ ಯಾವ ಹಕ್ಕೂ ಇಲ್ಲ ಅಂತ. ವಿಡಿಯೋ ಕಾಲ್‌ನಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳುವಾಗ ನನಗೆ ನಾಲಿಗೆ ಹೊರಳಲಿಲ್ಲ. ಅಡುಗೆಮನೆಯಿಂದ ಅಮ್ಮ ಬಂದು, ಹೆತ್ತವರ ಹತ್ರ ಹಂಗೆಲ್ಲ ಬರೆಸ್ಕೊತಾರಾ ಅಂದರು. ಅಪ್ಪ ನಕ್ಕರು. "ಹಾಕ್ತೀನಿ ಕೊಡಮ್ಮ. ನಾವು ಬಂದಾಗ ಮುದ್ದೆ ಇಕ್ತೀಯಲ್ಲ, ಅದನ್ನೇನೂ ಬರೆಸ್ಕೋಬೇಕಾಗಿಲ್ಲ" ಅಂದರು. ನಿಮ್ಮ ಜೊತೆ ಅತ್ತೆಯೋ ಮಾವನೋ ವಾಸ ಇದ್ದರೆ ಅವರಿಂದಲೂ ಇಂಥದ್ದೇ ಸಹಿ ಕೇಳಬಹುದು, ಮನೆಯಲ್ಲಿ ಇರುತ್ತೇವೆ ಆದರೆ ಬ್ಯಾಂಕಿಗೆ ಅಡ್ಡ ಬರೋಲ್ಲ ಅಂತ. ಮನೆಯ ಹಿರಿಯರಿಗೆ ಮೊದಲೇ ಸಮಾಧಾನವಾಗಿ ವಿವರಿಸಿ. ಪತ್ರ ಅವರ ಕೈಗೆ ಬಂದ ಮೇಲೆ ಹೇಳಿದರೆ ಮನಸ್ಸಿಗೆ ನೋವಾಗುತ್ತದೆ.

ಮೊದಲ ಮನೆ ಅನ್ನೋದರಲ್ಲೂ ಒಂದು ಪೇಚು ಇದೆ. ಇಂಗ್ಲೆಂಡಿನಲ್ಲಿ ಮೊದಲ ಸಲ ಮನೆ ಕೊಳ್ಳುವವರಿಗೆ ಸ್ಟ್ಯಾಂಪ್ ಡ್ಯೂಟಿ ರಿಯಾಯಿತಿ ಇದೆ. 2025ರ ಏಪ್ರಿಲ್‌ನಿಂದ 3 ಲಕ್ಷ ಪೌಂಡ್ ತನಕ ಸೊನ್ನೆ. ಆದರೆ ಪ್ರಪಂಚದಲ್ಲಿ ಎಲ್ಲೂ, ಯಾವತ್ತೂ, ಮನೆಯಲ್ಲಿ ಪಾಲು ಇದ್ದಿರಬಾರದು. ಪಿತ್ರಾರ್ಜಿತವಾಗಿ ಬಂದದ್ದೂ ಲೆಕ್ಕ. ಗಂಡ ಹೆಂಡತಿ ಸೇರಿ ಕೊಂಡರೆ ಇಬ್ಬರೂ ಮೊದಲ ಸಲದವರಾಗಿರಬೇಕು. ನಮ್ಮನೆಯವರದು ಚಿಂತಾಮಣಿ. ಮಾವ ತೀರಿಕೊಂಡ ಮೇಲೆ ಮನೆ ಖಾತೆ ಅತ್ತೆ ಮತ್ತು ಗಂಡುಮಕ್ಕಳ ಹೆಸರಿಗೆ ಜಂಟಿಯಾಗಿ ಆಗಿತ್ತು. ಮಳೆ ಬಂದರೆ ಸೋರುವ ಮನೆಯಲ್ಲಿ ಒಂದು ಪಾಲು, ಅಷ್ಟಕ್ಕೇ ರಿಯಾಯಿತಿ ಹೋಯಿತು. 3 ಲಕ್ಷದ ಮನೆಗೆ 5,000 ಪೌಂಡ್ ಕಟ್ಟಬೇಕು. ಅದರ ಮೇಲೆ ಎರಡನೇ ಮನೆ ಅಂತ ಶೇ. 5 ಸೇರಿದರೆ ಇನ್ನೂ 15,000. ಪಾಲಿನ ಬೆಲೆ 40,000 ಪೌಂಡಿಗಿಂತ ಕಡಿಮೆ ಇದ್ದದ್ದರಿಂದ ಅದೊಂದು ನಮಗೆ ತಪ್ಪಿತು. ಖಾಲಿ ಸೈಟು, ಹೊಲ ಇದ್ದರೆ ಅದು ಮನೆ ಅಲ್ಲ, ಹೆದರಬೇಡಿ.

ಹಕ್ಕು ಬಿಡುಗಡೆ ಮಾಡಿಕೊಟ್ಟುಬಿಡಿ ಅಂತ ಹಲವರು ಹೇಳಿದರು. ಯಾವತ್ತೂ ಅಂದರೆ ಯಾವತ್ತೂ, ಈಗ ಬಿಟ್ಟರೂ ಆ ರಿಯಾಯಿತಿ ವಾಪಸ್ ಬರೋಲ್ಲ. ನಮ್ಮನೆಯವರು ಬೇರೆ ಕಾರಣಕ್ಕೇ ಒಪ್ಪಲಿಲ್ಲ. ಬಿಟ್ಟುಕೊಟ್ಟರೆ ನಾಳೆ ಮಕ್ಕಳನ್ನು ಕರಕೊಂಡು ಆ ಮನೆಗೆ ನೆಂಟನಾಗಿ ಹೋಗಬೇಕು ಅಂದರು. ನಾನು ಮಾತಾಡಲಿಲ್ಲ. ಆ 5,000 ಕಟ್ಟಿದೆವು. ಖಾತೆಯಲ್ಲಿ ನಿಮ್ಮ ಹೆಸರು ಇದೆಯೋ ಇಲ್ಲವೋ ಅಂತ ಈಗಲೇ ಊರಿಗೆ ಕೇಳಿ. ಎಷ್ಟೋ ಅಪ್ಪಂದಿರು ಮಗ ಓದುತ್ತಿರುವಾಗಲೇ ಅವನ ಹೆಸರಿಗೆ ಮನೆ ಮಾಡಿಸಿ ಮರೆತೂಬಿಟ್ಟಿರುತ್ತಾರೆ. ಇದ್ದರೆ ಫಾರಂನಲ್ಲಿ ಬಚ್ಚಿಡಬೇಡಿ.

ಅರ್ಜಿ ಜೊತೆ ಪೇಸ್ಲಿಪ್, ಪಿ60 (ವರ್ಷದ ಸಂಬಳ, ಟ್ಯಾಕ್ಸು ತೋರಿಸುವ ಕಾಗದ), ವೀಸಾ, ವಿಳಾಸದ ಪುರಾವೆ ಕೊಡಬೇಕು, ಇವು ಎಲ್ಲರಿಗೂ ಗೊತ್ತಿರುವುದೇ.

ಕೊನೆಯದು. ಊರಲ್ಲಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಬರೆದರೆ ಮಾತು ಕಟ್ಟಿದ ಹಾಗೆ. ಇಂಗ್ಲೆಂಡಿನಲ್ಲಿ ನಿಮ್ಮ ಆಫರ್ ಒಪ್ಪಿಕೊಂಡ ಮೇಲೂ ಮಾರುವವರು ಹಿಂದೆ ಸರಿಯಬಹುದು, ಜಾಸ್ತಿ ಕೊಟ್ಟವರಿಗೆ ಕೊಡಬಹುದು. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ (ಎರಡೂ ಕಡೆಯವರು ಸಹಿ ಹಾಕಿದ ಕರಾರು ಅದಲುಬದಲು) ಆಗುವ ತನಕ ಯಾರಿಗೂ ಯಾರೂ ಬದ್ಧರಲ್ಲ. ಮನೆ ಗಟ್ಟಿ ಇದೆಯೋ ಅಂತ ನೋಡಿಸುವ ಸರ್ವೆಗೆ ಕೊಟ್ಟದ್ದು ವಾಪಸ್ ಬರೋಲ್ಲ, ಸೊಲಿಸಿಟರ್‌ಗೆ ಅಷ್ಟರ ತನಕ ಆದ ಕೆಲಸದ ಫೀಸೂ ಕೊಡಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ. ಅಪ್ಪ ಅಮ್ಮನಿಗೆ ಬೆಂಗಳೂರಿಂದ ಟಿಕೆಟ್ ಮಾಡಿಸುವುದು ಎಕ್ಸ್‌ಚೇಂಜ್ ಆದ ಮೇಲೆಯೇ. ಅದೂ ತಾರೀಕು ಬದಲಾಯಿಸಬಹುದಾದ ಟಿಕೆಟ್ ಆಗಿರಲಿ.