ಲೆವೆಲ್ 1 ಬಿಟ್ಟು ಲೆವೆಲ್ 2 ಬರೆದದ್ದು

2018ರಲ್ಲಿ ನಾನು ಮೈಸೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಹುಚ್ಚು ಹಿಡಿದಿತ್ತು. ಆಗ ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆ ಅಲ್ಲದೆ ಸಬ್ಜೆಕ್ಟ್ ಟೆಸ್ಟ್ ಅಂತ ಬೇರೆ ಇರುತ್ತಿತ್ತು. ಗಣಿತಕ್ಕೇ ಎರಡು: ಲೆವೆಲ್ 1, ಲೆವೆಲ್ 2. ಎರಡರಲ್ಲೂ 50 ಪ್ರಶ್ನೆ, ಒಂದು ಗಂಟೆ, 800ಕ್ಕೆ ಅಂಕ.

"ಸುಮ್ನೆ ಲೆವೆಲ್ 1 ತಗೊಳೋ, ಸುಲಭ ಇರುತ್ತೆ" ಅಂದರು ಟ್ಯೂಷನ್ ಮೇಷ್ಟ್ರು. ನನಗೂ ಸರಿ ಅನ್ನಿಸಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಎರಡರಲ್ಲಿ ಯಾವುದಾದರೂ ನಡೆಯುತ್ತಿತ್ತು. ಅಲ್ಲಿನದೇ ಇನ್ನೊಂದು ವಿಶ್ವವಿದ್ಯಾಲಯ ಕ್ಯಾಲ್‌ಟೆಕ್ ಮಾತ್ರ ಲೆವೆಲ್ 2 ಬೇಕೇ ಬೇಕು ಅಂದಿತ್ತು. ಅಲ್ಲಿಂದ ತಲೆಬಿಸಿ ಶುರು.

ಒಂದು ಭಾನುವಾರ ಅಪ್ಪ ಗಡಿಯಾರ ಇಟ್ಟುಕೊಂಡು ಕೂತರು. ತಿಂಡಿಗೆ ಮುಂಚೆ ಲೆವೆಲ್ 1ರ ಮಾದರಿ ಪತ್ರಿಕೆ, ತಿಂಡಿ ಆದಮೇಲೆ ಲೆವೆಲ್ 2. ಮೊದಲನೆಯದರಲ್ಲಿ 47 ಸರಿ, 3 ತಪ್ಪು. ಎರಡನೆಯದರಲ್ಲಿ 43 ಸರಿ, 3 ತಪ್ಪು, 4 ಬಿಟ್ಟಿದ್ದೆ. ಇದನ್ನು 800ರ ಲೆಕ್ಕಕ್ಕೆ ಬದಲಿಸುವ, ಪುಸ್ತಕದ ಹಿಂದಿದ್ದ ಪಟ್ಟಿ ನೋಡಿದರೆ ಲೆವೆಲ್ 1ಕ್ಕೆ 750ರ ಆಸುಪಾಸು, ಲೆವೆಲ್ 2ಕ್ಕೆ 780ರ ಮೇಲೆ! ಕಷ್ಟದ ಪತ್ರಿಕೆ ಅಂತ ಅದರಲ್ಲಿ ಐದಾರು ಹೋದರೂ 800 ಸಿಗುತ್ತಿತ್ತು. ಸುಲಭದ್ದರಲ್ಲಿ ಒಂದೆರಡು ಜಾರಿದರೂ ಅಂಕ ಇಳಿಯುತ್ತಿತ್ತು.

ಇನ್ನೊಂದು ತಮಾಷೆ ಅಂದರೆ, ಲೆವೆಲ್ 2ರಲ್ಲಿ ಕ್ಯಾಲ್ಕುಲಸ್ ಇರಲೇ ಇಲ್ಲ. ಟ್ರಿಗ್ನಾಮೆಟ್ರಿ, ಲಾಗ್, ಎಲಿಪ್ಸ್, ಹೈಪರ್‌ಬೋಲಾ ಎಲ್ಲ ಬಹುಪಾಲು ಮೊದಲ ಪಿಯುಸಿಯ ಸರಕು. ಲೆವೆಲ್ 1ರಲ್ಲಿ ತ್ರಿಭುಜ, ವೃತ್ತದ ಲೆಕ್ಕ ಜಾಸ್ತಿ. ಅವನ್ನು ನಾನು ಎಸ್‌ಎಸ್‌ಎಲ್‌ಸಿಗೇ ಕೈಬಿಟ್ಟಿದ್ದೆ. ಆ ಮೂರು ತಪ್ಪಿನಲ್ಲಿ ಎರಡು ಅಲ್ಲಿಯವೇ.

ನಿಜವಾಗಿ ಕಾಡಿದ್ದು ಕ್ಯಾಲ್ಕುಲೇಟರ್. ಪಿಯುಸಿ ಗಣಿತ ಪರೀಕ್ಷೆಯಲ್ಲಿ ನಾವು ಅದನ್ನು ಮುಟ್ಟುವ ಹಾಗೇ ಇಲ್ಲ. ಲೆವೆಲ್ 2ರಲ್ಲಿ ಅದಿಲ್ಲದೆ ಆಗುತ್ತಿರಲಿಲ್ಲ. ಅತ್ತೆ ಮಗ ತನ್ನ ಟಿಐ-84 ಕೊಟ್ಟಿದ್ದ. ಸೈನ್ ಎಕ್ಸ್ 0.4, ಎಕ್ಸ್ ಇರುವುದು ಪೈ ಬೈ ಟೂ ಮತ್ತು ಪೈ ನಡುವೆ, ಹಾಗಾದರೆ ಎಕ್ಸ್ ಎಷ್ಟು? ಒತ್ತಿದೆ, 23.58 ಬಂತು. ಅದರಿಂದ ಏನು ಮಾಡಿದರೂ ಕೊಟ್ಟಿದ್ದ ಐದು ಉತ್ತರಗಳಲ್ಲಿ ಒಂದೂ ಸಿಗಲಿಲ್ಲ. ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಯಂತ್ರ ಕೋನವನ್ನು ಡಿಗ್ರಿಯಲ್ಲಿ ಕೊಡುತ್ತಿತ್ತು, ಪ್ರಶ್ನೆ ಇದ್ದದ್ದು ರೇಡಿಯನ್ ಅನ್ನುವ ಇನ್ನೊಂದು ಅಳತೆಯಲ್ಲಿ. ರೇಡಿಯನ್‌ಗೆ ಬದಲಿಸಿದರೆ 0.41, ಪೈನಿಂದ ಕಳೆದರೆ 2.73. ಲೆವೆಲ್ 1ಕ್ಕೆ ಡಿಗ್ರಿ ಸಾಕಿತ್ತು, ಈ ಗೋಳು ಇರಲಿಲ್ಲ.

ಆಮೇಲೆ ಸಿಇಟಿ ಚಾಳಿ ಬಿಡಬೇಕಿತ್ತು. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಗೊತ್ತಿಲ್ಲದ್ದಕ್ಕೂ ಗುರುತು ಹಾಕಿ ಬರುತ್ತೇವೆ, ಅಲ್ವಾ? ಈ ಟೆಸ್ಟಿನಲ್ಲಿ ಪ್ರತಿ ತಪ್ಪಿಗೂ ಕಾಲು ಅಂಕ ಕಟ್ ಆಗುತ್ತಿತ್ತು. ಖಾಲಿ ಬಿಡುವುದನ್ನು ಕಲಿಯೋಕೆ ನನಗೆ ಎರಡು ವಾರ ಹಿಡಿಯಿತು.

ಅಕ್ಟೋಬರ್‌ನಲ್ಲಿ ಲೆವೆಲ್ 2 ಬರೆದೆ. ಪರೀಕ್ಷೆ ಶುರುವಾಗುವ ಮುಂಚೆ ಮೋಡ್ ಕೀಲಿ ಒತ್ತಿ ಮೂರು ಸಲ ನೋಡಿಕೊಂಡೆ. 790 ಬಂತು.

2021ರಲ್ಲಿ ಆ ಟೆಸ್ಟುಗಳೇ ನಿಂತುಹೋದವು. ಈಗ ಚಿಕ್ಕಪ್ಪನ ಮಗಳು ಎಪಿ (ಅಮೆರಿಕದ ಕಾಲೇಜು ಮಟ್ಟದ ಪರೀಕ್ಷೆ) ಕ್ಯಾಲ್ಕುಲಸ್‌ನಲ್ಲಿ 'ಎಬಿ' ಬರೆಯಲಾ, ಅದಕ್ಕಿಂತ ಹೆಚ್ಚು ಪಾಠ ಇರುವ 'ಬಿ-ಸಿ' ಬರೆಯಲಾ ಅಂತ ಕೇಳುತ್ತಿದ್ದಾಳೆ. ಎರಡರ ಮಾದರಿ ಪತ್ರಿಕೆಯನ್ನೂ ಗಡಿಯಾರ ಇಟ್ಟುಕೊಂಡು ಬರಿ ಅಂದೆ.

"ಒಂದೊಂದಕ್ಕೂ ಮೂರು ಗಂಟೆ ಮೇಲಾಗುತ್ತೆ ಅಣ್ಣ!"

ಹಾಗಾದ್ರೆ ಎರಡು ಭಾನುವಾರ ತಗೋ ಅಂದಿದ್ದೇನೆ.